ಶುಕ್ರವಾರದ ಸರದಿ

ಆಗಸ್ಟ್ 18, ಶುಕ್ರವಾರ, ಸ್ಲೈಗೋ

ಸರ್ಟಿಫಿಕೇಟು ನನ್ನ ಕೈಗೆ ಬಂದು ಇಂದಿಗೆ ಹನ್ನೊಂದು ವಾರ. ಹೆಂಡತಿ ಉನಾ ಅದಕ್ಕೆ ಕಟ್ಟು ಹಾಕಿಸಿ ಫ್ರಿಜ್ಜಿನ ಮೇಲೆ ನಿಲ್ಲಿಸಿದ್ದಾಳೆ. ಫಿಂಟನ್ ಎಂಬ ನಲವತ್ತೊಂಬತ್ತರ ಗಂಡಸು ಪರಭಾಷೆಯವರಿಗೆ ಇಂಗ್ಲಿಷ್ ಕಲಿಸಲು ಯೋಗ್ಯ ಎಂದು ಅದರಲ್ಲಿದೆ. ಫ್ರಿಜ್ಜು ಬಿಟ್ಟರೆ ಅದನ್ನು ನಂಬಿದವರು ಇನ್ನೂ ಯಾರೂ ಸಿಕ್ಕಿಲ್ಲ.

ಇಪ್ಪತ್ತೆರಡು ವರ್ಷ ಈ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವನು ನಾನು. ಎಡಗಣ್ಣಿನ ಅಂಚು ಕಾಣಿಸುತ್ತಿಲ್ಲ ಎಂದು ಹೋದ ವರ್ಷ ಡಾಕ್ಟರು ಬರೆದರು, ಲೈಸೆನ್ಸು ಹೋಯಿತು, ಅದರ ಜೊತೆಗೆ ಹೊಟ್ಟೆಪಾಡೂ ಹೋಯಿತು. ಕಲಿಸುವುದು ಬಿಟ್ಟರೆ ನನಗೆ ಬೇರೇನೂ ಬಾರದು. ಇಂಗ್ಲಿಷಿಗೆ ಕಣ್ಣಿನ ಅಂಚು ಬೇಕಿಲ್ಲವಲ್ಲ ಎಂದು ಈ ಕೋರ್ಸಿಗೆ ಸೇರಿದ್ದು.

ಇವತ್ತು ಗಾಲ್ವೇ ನಗರದ ಭಾಷಾ ಶಾಲೆಯಿಂದ ಉತ್ತರ ಬಂತು. ಜನವರಿಗೆ ಜಾಗ ಇದೆಯಂತೆ, ನನಗೇ ಇಟ್ಟಿರುತ್ತಾರಂತೆ, ಆದರೆ ಎಲ್ಲಾದರೂ ಎಂಟು ವಾರ ಕಲಿಸಿದ ಪತ್ರ ತರಬೇಕಂತೆ. ಕೆಲಸ ಬೇಕಾದರೆ ಅನುಭವ ಬೇಕು, ಅನುಭವ ಬೇಕಾದರೆ ಕೆಲಸ ಬೇಕು. ಎಲ್ಲರದೂ ಇದೇ ರಾಗ.

"ಅನುಭವ ಯಾವ ಅಂಗಡೀಲಿ ಸಿಗುತ್ತೆ ಕೇಳು, ಬರ್ತಾ ತಂದುಕೊಡ್ತೀನಿ," ಎಂದು ಹೇಳಿ ಉನಾ ಕೆಲಸಕ್ಕೆ ಹೋದಳು. ಅವಳು ಔಷಧಿ ಅಂಗಡಿಯಲ್ಲಿರುವುದರಿಂದ ಎಲ್ಲಕ್ಕೂ ಅಲ್ಲಿ ಡಬ್ಬಿ ಇದೆ ಎಂದುಕೊಂಡಿದ್ದಾಳೆ.

ಆಗಸ್ಟ್ 23, ಬುಧವಾರ

ಸಿಕ್ಕಿತು! ಸ್ವೀಡನ್ನಿನ ಯಾವುದೋ ಮೂಲೆಯಲ್ಲಿ ಬಾಗಿಲು ಮಾಡುವ ಕಾರ್ಖಾನೆ. ಅದನ್ನು ಗ್ಲಾಸ್ಗೋದವರು ಕೊಂಡಿದ್ದಾರೆ, ನವೆಂಬರಿನಲ್ಲಿ ನೋಡಲು ಬರುತ್ತಾರೆ. ಅಷ್ಟರಲ್ಲಿ ಕೆಲಸಗಾರರ ಬಾಯಲ್ಲಿ ಇಂಗ್ಲಿಷ್ ಹೊರಡಬೇಕು. ಸರಿಯಾಗಿ ಎಂಟು ವಾರ. ಒಂದೇ ಷರತ್ತು: ನಾಲ್ಕನೆಯ ವಾರದ ಕೊನೆಗೆ ಕನಿಷ್ಠ ಆರು ಜನ ಮುಂದುವರಿಯುತ್ತೇವೆ ಎನ್ನಬೇಕು, ಇಲ್ಲದಿದ್ದರೆ ತರಗತಿ ಬಂದ್. ಆರು ಜನರನ್ನು ಹಿಡಿದಿಟ್ಟುಕೊಳ್ಳಲು ಆಗದವನು ಮೇಷ್ಟ್ರಾದರೂ ಯಾಕಾಗಬೇಕು?

ಸೆಪ್ಟೆಂಬರ್ 4, ಸೋಮವಾರ, ಲಿಂಡ್‌ಫೋರ್ಶ್

ಮೊದಲ ಪಾಠ. ಎಂಟೂವರೆಯಿಂದ ಹತ್ತೂವರೆ. ನಿಮಿಷ ನಿಮಿಷಕ್ಕೂ ಯೋಜನೆ ಬರೆದುಕೊಂಡು ಹೋಗಿದ್ದೆ. ಏಳು ಜನ. ಎಲ್ಲರೂ ಎಂಟು ಇಪ್ಪತ್ತೆಂಟಕ್ಕೆ ಬಂದು, ಕೈಕಟ್ಟಿ ಕೂತು, ನನ್ನನ್ನೇ ನೋಡಿದರು.

ಇಂಗ್ಲಿಷ್ ಇವರಿಗೆ ಚೆನ್ನಾಗಿಯೇ ಗೊತ್ತು. ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ. ಬಾಯಿ ಮಾತ್ರ ಬಿಡುವುದಿಲ್ಲ. ಬಣ್ಣದ ವಿಭಾಗದ ಗುನ್ವೋರ್ ಎಂಬ ಅರವತ್ತಮೂರರ ಹೆಂಗಸು ಒಬ್ಬಳೇ ಧೈರ್ಯವಂತೆ. ಅವಳು ಊರಿಗೆಲ್ಲ, ಕಾರ್ಖಾನೆಯ ಯಜಮಾನನಿಗೂ, 'ನೀನು' ಎಂದೇ ಮಾತಾಡುವವಳು. ಅವಳು ಎರಡು ವಾಕ್ಯ ಹೇಳುವಷ್ಟರಲ್ಲಿ ನಾನು ಐದು ತಪ್ಪು ತಿದ್ದಿದೆ. ಒಂದೊಂದು ತಪ್ಪಿಗೂ ನನ್ನ ಬಲಗಾಲು ತಾನಾಗಿಯೇ ನೆಲ ಒತ್ತುತ್ತದೆ. ಮೇಷ್ಟ್ರ ಕಡೆಯ ಬ್ರೇಕನ್ನು ಇಪ್ಪತ್ತೆರಡು ವರ್ಷ ತುಳಿದ ಕಾಲು, ಅದೇನು ಮಾಡೀತು ಪಾಪ. ಕೊನೆಯ ಬೆಂಚಿನಲ್ಲಿ ಗರಗಸ ಯಂತ್ರದ ಸ್ಟೂರೆ. ಐವತ್ತೆಂಟು ವರ್ಷ, ಬಾಗಿಲಿನಷ್ಟೇ ಅಗಲ. ತುಟಿ ಪಿಟಕ್ಕೆನ್ನಲಿಲ್ಲ.

ಒಂಬತ್ತೂ ಕಾಲಿಗೆ ನಾನು ಒಂದು ವಾಕ್ಯದ ನಡುವೆ ಇದ್ದಾಗ ಏಳೂ ಜನ ಎದ್ದು ಹೊರಗೆ ಹೋಗಿಬಿಟ್ಟರು. ಮೊದಲ ದಿನವೇ ಬಹಿಷ್ಕಾರವೇ? ಆಮೇಲೆ ಗೊತ್ತಾಯಿತು, ಅದು ಕಾಫಿ ವಿರಾಮವಂತೆ. ಇಪ್ಪತ್ತು ನಿಮಿಷ. ಫೀಕಾ ಎನ್ನುತ್ತಾರೆ. ಗುನ್ವೋರ್ ಬಾಗಿಲಲ್ಲಿ ನಿಂತು "ಬರ್ತೀಯಾ?" ಎಂದಳು. ನಾನು ನನ್ನ ಚಹಾದ ಫ್ಲಾಸ್ಕ್ ತೋರಿಸಿ, ಬೋರ್ಡು ಬರೆಯುವುದಿದೆ ಎಂದೆ. ಸಂಬಳ ಕೊಡುತ್ತಿರುವುದು ಕಾಫಿ ಕುಡಿಯಲು ಅಲ್ಲವಲ್ಲ.

ಕಚೇರಿಯ ಪರ್ನಿಲ್ಲಾ ಒಂದು ಪಟ್ಟಿಯಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿಸಿಕೊಂಡಳು. ಸ್ವೀಡಿಷಿನಲ್ಲಿತ್ತು. ಬೆಂಕಿ ಬಿದ್ದರೆ ಯಾರು ಎಲ್ಲಿ ನಿಲ್ಲಬೇಕು ಎಂಬುದಿರಬೇಕು.

ಸೆಪ್ಟೆಂಬರ್ 8, ಶುಕ್ರವಾರ

ನೂರು ನಿಮಿಷದ ಪಾಠದಲ್ಲಿ ಲೆಕ್ಕ ಹಾಕಿದೆ: ನಾನು ತೊಂಬತ್ತೊಂದು ನಿಮಿಷ ಮಾತಾಡಿದ್ದೇನೆ. ಮೇಷ್ಟ್ರು ಕಮ್ಮಿ ಮಾತಾಡಬೇಕು ಎಂದು ಕೋರ್ಸಿನಲ್ಲಿ ತಲೆ ಚಿಟ್ಟು ಹಿಡಿಯುವಷ್ಟು ಹೇಳಿದ್ದರು. ಆದರೆ ಅವರು ಸುಮ್ಮನಿದ್ದರೆ ನಾನೇನು ಮಾಡಲಿ? ಎದುರಿಗೆ ಏಳು ಜನ ಕಲ್ಲಿನಂತೆ ಕೂತಿರುವಾಗ ನಾನೂ ಬಾಯಿ ಮುಚ್ಚಿದರೆ ಅದು ಪಾಠವಲ್ಲ, ಶ್ರದ್ಧಾಂಜಲಿ ಸಭೆ.

ಬಿಡುವಿನ ಹೊತ್ತಿನಲ್ಲಿ ಕಾಫಿ ಕೋಣೆಯಿಂದ ದಾಲ್ಚಿನ್ನಿ ಬನ್ನಿನ ವಾಸನೆ, ಜೊತೆಗೆ ನಗು. ಗುನ್ವೋರ್ ಮತ್ತೆ ಕರೆದಳು. ಮತ್ತೆ ಕೆಲಸವಿದೆ ಎಂದೆ. ಉನಾ ಕಳಿಸಿದ ಮೆಸೇಜಿನಲ್ಲಿ ಎರಡು ಕಾಗುಣಿತ ತಪ್ಪಿದ್ದವು, ತಿದ್ದಿ ವಾಪಸ್ ಕಳಿಸಿದೆ. ಉತ್ತರ ಬಂದಿಲ್ಲ.

ಸೆಪ್ಟೆಂಬರ್ 15, ಶುಕ್ರವಾರ

ಒಬ್ಬ ಮಗು ನೋಡಿಕೊಳ್ಳುವ ರಜೆಯ ಮೇಲೆ ಹೋದ. ಆರು ತಿಂಗಳಂತೆ, ಗಂಡಸು! ಈಗ ಉಳಿದವರು ಸರಿಯಾಗಿ ಆರು. ಒಬ್ಬರಿಗೂ ನೆಗಡಿಯಾಗುವಂತಿಲ್ಲ.

ಸ್ಟೂರೆ ಇವತ್ತೂ ಮೌನ. "ನಿನ್ನೆ ಏನು ಮಾಡಿದಿರಿ?" ಎಂದು ಕೇಳಿದೆ. ಅವನು ಬಾಯಿ ತೆರೆದ. ಒಂದು ಶಬ್ದ ಬಂತು. ತಪ್ಪಾಗಿತ್ತು, ತಿದ್ದಿದೆ. ಬಾಯಿ ಮುಚ್ಚಿಕೊಂಡ. ಮುಂದಿನ ವಾರಕ್ಕೆ ಚಿತ್ರದ ಕಾರ್ಡು ಮಾಡುತ್ತೇನೆ.

ಸೆಪ್ಟೆಂಬರ್ 22, ಶುಕ್ರವಾರ

ಎಲ್ಲೋ ಏನೋ ಎಡವಟ್ಟಾಗಿದೆ. ಎಲ್ಲಿ ಎಂದು ತಿಳಿಯುತ್ತಿಲ್ಲ.

ಬೆಳಿಗ್ಗೆ ಎಲ್ಲರೂ ಎಂದಿಗಿಂತ ಗೆಲುವಾಗಿದ್ದರು. ಗುನ್ವೋರ್ ನನ್ನ ಚೀಲವನ್ನೇ ನೋಡುತ್ತಾ, "ದೊಡ್ಡ ಚೀಲ ತಂದಿದ್ದೀಯ!" ಎಂದಳು.

"ಹೌದು, ನಿಮಗೋಸ್ಕರವೇ. ಎರಡು ದಿನ ಕೂತು ಮಾಡಿದ್ದು," ಎಂದೆ.

"ಎರಡು ದಿನ!" ಎಂದು ಪಕ್ಕದವಳ ಮೊಣಕೈ ತಿವಿದಳು.

ಒಂಬತ್ತೂ ಕಾಲಿಗೆ ಎದ್ದರು. ನಾನು ಎಂದಿನಂತೆ ಕೂತೇ ಇದ್ದೆ. ಇಪ್ಪತ್ತು ನಿಮಿಷ ಕಳೆದು ಬರಬೇಕಾದವರು ಆರೇ ನಿಮಿಷಕ್ಕೆ ಒಬ್ಬೊಬ್ಬರಾಗಿ ವಾಪಸ್ ಬಂದರು. ಯಾರ ಮುಖದಲ್ಲೂ ಕಳೆ ಇಲ್ಲ. ನಾನು ಹುರುಪಿನಿಂದ ಚೀಲ ಬಿಚ್ಚಿ ಕಾರ್ಡುಗಳನ್ನು ಹರಡಿದೆ. ಇವತ್ತಿನ ವಿಷಯ ತಿಂಡಿ ತಿನಿಸು. ಸೇಬಿನ ಕೇಕ್, ಚಾಕೊಲೇಟ್ ಕೇಕ್, ಬನ್, ಬಿಸ್ಕತ್ತು, ಬಣ್ಣ ಹಾಕಿ ಬರೆದಿದ್ದೆ. "ನಿಮಗೆ ಯಾವ ಕೇಕ್ ಇಷ್ಟ, ಹೇಳಿ ನೋಡೋಣ!" ಎಂದೆ.

ಸ್ಟೂರೆಯ ಮುಂದೆ ಕೆನೆ ತುಂಬಿದ ಕೇಕಿನ ಕಾರ್ಡು ಹಿಡಿದು, "ಇದೇನು, ಸ್ಟೂರೆ?" ಎಂದೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೇಜಿನ ಮೇಲೆ ಬೋರಲು ಹಾಕಿ, ಎದ್ದು ಗರಗಸದ ಕಡೆಗೆ ಹೋದ.

ಸೆಪ್ಟೆಂಬರ್ 25, ಸೋಮವಾರ

ಮೂರು ಜನ.

ಕೋರ್ಸಿನ ಟಿಪ್ಪಣಿಗಳನ್ನೆಲ್ಲ ತೆಗೆದು ಓದಿದೆ. ಚಿತ್ರಗಳು ಚಿಕ್ಕವಾಗಿದ್ದವೇನೋ. ವಯಸ್ಸಾದವರು, ಕಾಣಿಸಿರಲಿಕ್ಕಿಲ್ಲ. ಬುಧವಾರಕ್ಕೆ ದೊಡ್ಡದಾಗಿ ಬರೆಯುತ್ತೇನೆ.

ಉನಾ ಫೋನಿನಲ್ಲಿ, "ಅವರ ಜೊತೆ ಕೂತು ಒಂದು ಸಲ ಆದ್ರೂ ಕಾಫಿ ಕುಡಿದೆಯಾ?" ಎಂದಳು.

"ಶುಕ್ರವಾರದೊಳಗೆ ಆರು ಜನ ಬೇಕು ನನಗೆ, ಕಾಫಿ ಅಂತೀಯಲ್ಲ," ಎಂದು ರೇಗಿದೆ.

"ಎಂಟು ವಾರ ಅಂತ ಹೋದವನು ನಾಲ್ಕೇ ವಾರಕ್ಕೆ ವಾಪಸ್ ಬಂದ್ರೆ ಆ ಸರ್ಟಿಫಿಕೇಟನ್ನ ಫ್ರಿಜ್ಜಿನೊಳಗೇ ಇಡ್ತೀನಿ ನೋಡು. ತಣ್ಣಗಿರಲಿ."

ನಗು ಬರಲಿಲ್ಲ. ಈ ವಯಸ್ಸಿಗೆ ಇನ್ನೊಂದು ಕಸುಬು ಕಲಿಯುವ ತ್ರಾಣ ನನಗಿಲ್ಲ. ಭಯವಾಗುತ್ತಿದೆ ಎಂದು ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

ಸೆಪ್ಟೆಂಬರ್ 27, ಬುಧವಾರ

ಭೂಮಿ ಬಾಯಿ ಬಿಡಬಾರದೇ.

ಪಾಠ ಮುಗಿದ ಮೇಲೆ (ಮೂರು ಜನ, ದೊಡ್ಡ ಚಿತ್ರಗಳು, ಪ್ರಯೋಜನವಿಲ್ಲ) ಮಿರ್ಸಾದ್ ತನ್ನ ಕಾರಿನಲ್ಲಿ ಮನೆಗೆ ಬಿಡುತ್ತೇನೆ ಎಂದ. ಬೀಗ ಕೂರಿಸುವ ವಿಭಾಗದವನು, ಹದಿನೆಂಟರ ಹರೆಯದಲ್ಲಿ ಬೋಸ್ನಿಯಾದಿಂದ ಬಂದವನು, ಈಗ ಕೂದಲು ಉದುರಿದೆ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು, ಅವನೊಬ್ಬ ತಮಾಷೆಗೆ ಮೇಷ್ಟ್ರೇ ಎನ್ನುತ್ತಾನೆ.

"ಮೇಷ್ಟ್ರೇ, ಕೋಪ ಮಾಡ್ಕೋಬೇಡಿ. ಹೋದ ಶುಕ್ರವಾರ ನಿಮ್ಮ ಸರದಿ ಇತ್ತು."

"ಯಾವುದರ ಸರದಿ?"

"ಶುಕ್ರವಾರದ ಫೀಕಾದು! ಕಾಫಿ ಕೋಣೆ ಫ್ರಿಜ್ಜಿನ ಮೇಲೆ ಪಟ್ಟಿ ಇಲ್ವಾ? ನೀವೇ ಸಹಿ ಹಾಕಿದ್ದೀರಿ. ವಾರಕ್ಕೊಬ್ಬರು ಏನಾದ್ರೂ ಬೇಯಿಸಿ ತರಬೇಕು. ಮೊದಲ ವಾರ ಗುನ್ವೋರ್ ಬನ್ನು ತಂದಳು, ಎರಡನೇ ವಾರ ನಾನು ತಂದೆ. ಮೂರನೇ ವಾರ ನೀವು. ಎಲ್ಲರೂ ತಟ್ಟೆ ಇಟ್ಕೊಂಡು, ಕಾಫಿ ಬಗ್ಗಿಸ್ಕೊಂಡು ಕಾದರು."

ಆಮೇಲೆ ನಾನು ಅವರ ಮುಂದೆ ಕೇಕಿನ ಚಿತ್ರ ಹರಡಿದೆ. ಯಾವುದು ಇಷ್ಟ ಎಂದು ಕೇಳಿದೆ. ದೇವರೇ.

"ಮೊದಲೇ ಯಾಕೆ ಯಾರೂ ಹೇಳಲಿಲ್ಲ?"

"ಇಲ್ಲಿ ಹಾಗೆಲ್ಲ ಹೇಳಲ್ಲ. ಹೊಸದರಲ್ಲಿ ನಾನೂ ಇದೇ ಮಾಡಿದ್ದೆ. ಐದು ತಿಂಗಳಾದ ಮೇಲೆ ಗುನ್ವೋರ್ ಹೇಳಿದ್ದು."

"ಐದು ತಿಂಗಳು?"

"ಅವಳು ಮುಖಕ್ಕೆ ಹೊಡೆದ ಹಾಗೆ ಮಾತಾಡೋಳು ಮೇಷ್ಟ್ರೇ. ಬೇರೆ ಯಾರಾದ್ರೂ ಆಗಿದ್ರೆ ಹೇಳ್ತಾನೇ ಇರಲಿಲ್ಲ. ನೀವು ದಿನಾ ಕರೆದ್ರೂ ಬರಲ್ಲ, ನಿಮ್ಮ ಫ್ಲಾಸ್ಕು ನಿಮಗೆ. ಕೊನೆಗೆ ಸರದೀನೂ ತಪ್ಪಿಸಿದಿರಿ. ನಮ್ಮ ಜೊತೆ ಕೂರೋಕೆ ಈ ಮನುಷ್ಯನಿಗೆ ಮನಸ್ಸಿಲ್ಲ ಅಂದ್ಕೊಂಡಿದ್ದಾರೆ."

ನನಗೆ ಅಳುವಂತಾಯಿತು. ನಾಳಿದ್ದು ತರುತ್ತೇನೆ, ಅಂಗಡಿಯಿಂದ ತಂದರೆ ಆಗುತ್ತದೆಯೇ ಎಂದು ಕೇಳಿದೆ. ಮಿರ್ಸಾದ್ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿಯೇ ಬಿಟ್ಟ.

"ತರಬಹುದು. ಕಚೇರಿಯವನೊಬ್ಬ ಒಂದು ಸಲ ತಂದಿದ್ದ. ಅವನು ಈಗ ಬೇರೆ ಊರಲ್ಲಿದ್ದಾನೆ."

ಸೆಪ್ಟೆಂಬರ್ 28, ಗುರುವಾರ

ಅಮ್ಮ ಮಾಡುತ್ತಿದ್ದ ಸೋಡಾ ಬ್ರೆಡ್ಡು, ಒಣದ್ರಾಕ್ಷಿ ಹಾಕಿ. ಉನಾ ಫೋನಿನಲ್ಲೇ ಅಳತೆ ಹೇಳಿದಳು. ಮಜ್ಜಿಗೆ ಬದಲು ಇಲ್ಲಿ ಸಿಗುವ ಹುಳಿ ಹಾಲು ಹಾಕಿದೆ. ಈ ಬಾಡಿಗೆ ಮನೆಯ ಓವನ್ನಿನಲ್ಲಿ ಮೇಲಿನ ಕಂಬಿ ಮಾತ್ರ ಕೆಲಸ ಮಾಡುತ್ತದೆ ಎಂದು ಗೊತ್ತಾದದ್ದು ಬ್ರೆಡ್ಡು ಕಪ್ಪಾದ ಮೇಲೆ. ಎರಡನೆಯದೂ ಹಾಗೇ ಆಯಿತು. ಮೂರನೆಯದಕ್ಕೆ ಹಿಟ್ಟಿಲ್ಲ. ಎರಡರಲ್ಲಿ ಕಮ್ಮಿ ಕಪ್ಪಾದದ್ದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಸೆಪ್ಟೆಂಬರ್ 29, ಶುಕ್ರವಾರ

ಒಂಬತ್ತೂ ಕಾಲಿಗೆ ಅವರಿಗಿಂತ ಮುಂಚೆ ನಾನೇ ಕಾಫಿ ಕೋಣೆಗೆ ಹೋಗಿ ಬ್ರೆಡ್ಡು ಮೇಜಿನ ಮೇಲಿಟ್ಟೆ. ಇವತ್ತಿನ ಸರದಿಯವಳು ತಾನು ತಂದ ತಿಂಡಿಯ ಗಂಟು ಬಿಚ್ಚದೆ ಮೇಜಿನ ಕೆಳಗಿಟ್ಟು ನನಗೆ ಜಾಗ ಬಿಟ್ಟಳು. "ಹೋದ ವಾರದ್ದು ಇದು. ನನಗೆ ಗೊತ್ತಿರಲಿಲ್ಲ. ನನ್ನನ್ನ ಕ್ಷಮಿಸಿ," ಎಂದೆ.

ಗುನ್ವೋರ್ ಕುರ್ಚಿ ಎಳೆದು ತೋರಿಸಿದಳು. "ಕೂತ್ಕೋ. ಒಂದು ಮಾತು, ಇಲ್ಲಿ ಪಾಠ ಮಾಡೋ ಹಾಗಿಲ್ಲ. ಇದು ಕಾಫಿ."

ಸ್ಟೂರೆಯೂ ಬಂದಿದ್ದ. ಪಾಠ ಬಿಟ್ಟಾನು, ಕಾಫಿ ಬಿಡುತ್ತಾನೆಯೇ? ಅವನೇ ಚಾಕು ತೆಗೆದುಕೊಂಡು ಕೊಯ್ದ. ಚಾಕು ಮೇಲೆ ಕರಕರ ಎಂದಿತು, ಒಳಗೆ ಕಚಕ್ಕೆಂದಿತು. ಎಲ್ಲರೂ ಒಂದೊಂದು ತುಂಡು ಬಾಯಿಗಿಟ್ಟು ಅಗಿದರು, ಅಗಿಯುತ್ತಲೇ ಇದ್ದರು. ನಾನೂ ಒಂದು ತುಂಡು ತಿಂದೆ, ಹೊಗಳುವಂಥದ್ದೇನೂ ಇರಲಿಲ್ಲ.

ಆಗ ಸ್ಟೂರೆ ಇಂಗ್ಲಿಷಿನಲ್ಲಿ ಶುರು ಮಾಡಿದ.

"ಇದು ಬ್ರೆಡ್ ಅಲ್ಲ. ನಾನು ನಲವತ್ತು ವರ್ಷ ಮರ ಕೊಯ್ದಿದ್ದೀನಿ. ಹಸಿ ಮರ ನನಗೆ ಗೊತ್ತು. ಇದು ಹೊರಗೆ ಸುಟ್ಟಿದೆ, ಒಳಗೆ ಹಸಿ. ಇದರಲ್ಲಿ ಬಾಗಿಲು ಮಾಡಿದ್ರೆ ಚಳಿಗಾಲಕ್ಕೆ ಸೀಳಿ ಎರಡಾಗುತ್ತೆ."

ಮಿರ್ಸಾದನ ಮೂಗಿನಿಂದ ಕಾಫಿ ಬಂತು. ಸ್ಟೂರೆ ನಗಲಿಲ್ಲ, ನಿಲ್ಲಿಸಲೂ ಇಲ್ಲ. ಇದಕ್ಕಿಂತ ಕೆಟ್ಟದ್ದನ್ನು ಅವನು ಒಂದೇ ಸಲ ತಿಂದಿದ್ದಂತೆ, ಮದುವೆಗೆ ಮುಂಚೆ ಹುಡುಗಿಯ ಮನೆಯಲ್ಲಿ. ಅವಳ ಅಮ್ಮ ಮಾಡಿದ ಕೇಕು. ನುಂಗಲಾಗದೆ ಕೋಟಿನ ಜೇಬಿಗೆ ಹಾಕಿಕೊಂಡನಂತೆ. ಹೊರಡುವಾಗ ಆಕೆ ಪ್ರೀತಿಯಿಂದ, ಕೋಟು ಕೊಳೆಯಾಗಿದೆ, ಒಗೆದುಕೊಡುತ್ತೇನೆ ಎಂದು ತೆಗೆದುಕೊಂಡಳಂತೆ.

"ಆಮೇಲೆ?" ಎಂದೆ.

"ಮೂವತ್ತೊಂದು ವರ್ಷ ಆಯ್ತು. ಇವತ್ತಿಗೂ ಆ ಮನೇಲಿ ನನಗೆ ಕೇಕ್ ಕೊಡಲ್ಲ."

ಗುನ್ವೋರ್ ಕಣ್ಣೊರೆಸಿಕೊಂಡು ತನ್ನ ಅತ್ತೆಯ ಕಥೆ ತೆಗೆದಳು. ಅದಕ್ಕೆ ಮಿರ್ಸಾದ್ ತನ್ನ ಅಜ್ಜಿಯದೊಂದು ಸೇರಿಸಿದ. ಗುನ್ವೋರಳ ಅತ್ತೆ ಒಂದು ಹಂದಿಯನ್ನು ಅಂಚೆಯವನ ಸೈಕಲ್ಲಿನ ಹಿಂದೆ ಕಟ್ಟಿ ಕಳಿಸಿದ್ದಳಂತೆ, ಯಾಕೆ ಎಂದು ಇನ್ನೂ ತಿಳಿಯಲಿಲ್ಲ, ಸೋಮವಾರ ಕೇಳಬೇಕು.

ಪರ್ನಿಲ್ಲಾ ಬಂದಾಗ ಗಂಟೆ ಒಂಬತ್ತು ಐವತ್ತು. ತರಗತಿ ಖಾಲಿ ಕಂಡು ಹುಡುಕಿಕೊಂಡು ಬಂದಿದ್ದಳು. "ಮುಂದುವರಿಯೋರು ಕೈ ಎತ್ತಿ. ಆರು ಜನ ಬೇಕು," ಎಂದಳು.

ಐದು ಕೈ. ಸ್ಟೂರೆಯ ಕೈ ತೊಡೆಯ ಮೇಲೇ ಇತ್ತು.

"ನನಗೆ ಬೇಡ. ಈಗ ಮಾತಾಡಿದೆನಲ್ಲ, ಬರುತ್ತೆ," ಎಂದ. ಮೇಜಿನಡಿ ಮಿರ್ಸಾದ್ ಅವನ ಕಾಲಿಗೆ ಒದ್ದದ್ದು ನನಗೂ ತಗುಲಿತು.

ಪರ್ನಿಲ್ಲಾ ನನ್ನ ಕಡೆ ತಿರುಗಿದಳು. "ಫಿಂಟನ್, ಮೇಷ್ಟ್ರು ನೀವು. ಇವರಿಗೆ ಇನ್ನೂ ಪಾಠ ಬೇಕು ಅಂತ ನೀವು ಹೇಳಿದ್ರೆ ನಾನು ಕಳಿಸ್ತೀನಿ. ಬೇಕಾ?"

ಬೇಕು ಎಂದರೆ ಸಾಕಿತ್ತು. ಎರಡೇ ಅಕ್ಷರ. ಗಾಲ್ವೇ, ಜನವರಿ, ಪತ್ರ ಎಲ್ಲವೂ ಬರುತ್ತಿದ್ದವು. ನಮ್ಮ ಕಸುಬಿನಲ್ಲೂ ಅಂಥವರಿದ್ದರು: ಹುಡುಗಿಗೆ ಕಾರು ಚೆನ್ನಾಗಿ ಬಂದಿದ್ದರೂ, ಇನ್ನೊಂದು ತಿಂಗಳು ಬೇಕಮ್ಮ ಎಂದು ಎಳೆಯುವವರು. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಸ್ಟೂರೆ ನನ್ನನ್ನೇ ನೋಡುತ್ತಿದ್ದ. ಕಟ್ಟುಮಸ್ತಾದ ಆಳು, ಆದರೆ ಮುಖ ಪರೀಕ್ಷೆಯ ದಿನ ಸ್ಟಿಯರಿಂಗ್ ಹಿಡಿದು ಕೂತವರ ಮುಖವೇ.

"ಬೇಡ," ಎಂದೆ. "ಸ್ಟೂರೆ ಪಾಸು."

ಪರ್ನಿಲ್ಲಾ ಐದು ಎಂದು ಬರೆದುಕೊಂಡು ಹೋದಳು. ನಿಯಮ ನಿಯಮವೇ. ಸೋಮವಾರ ಬೆಳಿಗ್ಗೆ ಬೀಗದ ಕೈ ಒಪ್ಪಿಸಬೇಕು.

ಅಕ್ಟೋಬರ್ 1, ಭಾನುವಾರ

ಬಟ್ಟೆ ಮಡಚಿ ಇಟ್ಟೆ. ಉನಾಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಅಯ್ಯೋ ನಿನ್ನ! ಒಂದು ಸುಳ್ಳು ಹೇಳೋಕಾಗ್ಲಿಲ್ವಾ?" ಎಂದಳು. ಮರುಕ್ಷಣವೇ, "ನೀನು ಹೇಳಿದ್ರೆ ನನಗೇ ಬೇಜಾರಾಗ್ತಿತ್ತು ಬಿಡು. ಬಾ ಮನೆಗೆ. ಏನಾದ್ರೂ ಮಾಡೋಣ."

ಆಮೇಲೆ ಅವಳ ಅಂಗಡಿಯ ವಿಷಯ, ಅವಳ ತಂಗಿಯ ವಿಷಯ, ಪಕ್ಕದ ಮನೆಯ ಬೆಕ್ಕಿನ ವಿಷಯ ಎಲ್ಲ ಹೇಳಿದಳು. ಬೆಕ್ಕಿಗೆ ಆಪರೇಷನ್ ಆಗಿದೆಯಂತೆ.

"ಏನೋ, ಅರ್ಧ ಗಂಟೆಯಿಂದ ನಾನೇ ಮಾತಾಡ್ತಿದ್ದೀನಿ. ಹುಷಾರಾಗಿದ್ದೀಯಾ ತಾನೆ?" ಎಂದಳು.

ಲೈನು ಸರಿಯಿಲ್ಲ ಎಂದೆ.

ಅಕ್ಟೋಬರ್ 2, ಸೋಮವಾರ

ಬೀಗದ ಕೈ ಕೊಡಲು ಹೋದರೆ ಪರ್ನಿಲ್ಲಾ ಕಚೇರಿಯಲ್ಲಿಲ್ಲ. ತರಗತಿಯ ಮುಂದೆ ನಿಂತಿದ್ದಳು. ಒಳಗೆ ಜನ. ನನ್ನ ಐದು ಜನ ಮುಂದಿನ ಸಾಲಿನಲ್ಲಿ, ಹಿಂದಿನ ಸಾಲುಗಳಲ್ಲಿ ನಾನೆಂದೂ ಕಾಣದವರು, ಮೈಯೆಲ್ಲ ಮರದ ಹೊಟ್ಟು. ಕೀಸುವ ವಿಭಾಗದವರಂತೆ. ತಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ವರ್ಷಗಟ್ಟಲೆ ತಪ್ಪಿಸಿಕೊಂಡು ಬಂದವರು, ಇವತ್ತು ತಾವಾಗಿಯೇ ಬಂದಿದ್ದಾರೆ ಎಂದು ಪರ್ನಿಲ್ಲಾ ಪಿಸುಗುಟ್ಟಿದಳು. ಆರು ದಾಟಿತಲ್ಲ, ಬೀಗದ ಕೈ ನಿಮ್ಮಲ್ಲೇ ಇರಲಿ ಎಂದಳು.

"ಯಾರು ಕಳಿಸಿದ್ದು?" ಎಂದು ಮಿರ್ಸಾದನನ್ನು ಕೇಳಿದೆ.

"ಸ್ಟೂರೆ. ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಲ್ಲಿ ಎದ್ದು ನಿಂತು ಭಾಷಣ ಮಾಡಿದ, ಮೇಷ್ಟ್ರೇ. ಇಂಗ್ಲಿಷಲ್ಲಿ!"

"ಏನಂದ?"

ಮಿರ್ಸಾದ್ ಸ್ವಲ್ಪ ತಡವರಿಸಿದ. ಗುನ್ವೋರ್ ತಡವರಿಸಲಿಲ್ಲ.

"ಅಷ್ಟು ಕೆಟ್ಟ ಬ್ರೆಡ್ಡನ್ನ ಎಲ್ಲರ ಮುಂದೆ ತಂದಿಟ್ಟು, ಅಲ್ಲೇ ಕೂತು ತಾನೂ ತಿಂದ ಗಂಡಸು ಅವನು. ಅವನ ಮುಂದೆ ಕೆಟ್ಟ ಇಂಗ್ಲಿಷ್ ಮಾತಾಡೋಕೆ ನಿಮಗ್ಯಾಕೆ ನಾಚಿಕೆ ಅಂದ."

ಎಂಟೂವರೆ ಆಗಿತ್ತು. ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬರನ್ನೇ ಕೇಳಿ ಹದಿಮೂರು ಹೆಸರು ಬರೆದುಕೊಂಡೆ. ಸ್ಟೂರೆಯ ಹೆಸರು ಬರೆಯಲಿಲ್ಲ. ಅವನು ಪಾಸಾದವನು.